ಕ್ಲಚ್ ಪ್ಲೇಟ್ ಹಾಕಿಸುವ ಮುಂಚೆ ಅರ್ಧ ತಾಸು ಗಾಡಿ ನೋಡಿ

‘ಅಣ್ಣಾ, ಗಾಡಿ ಬರೇ ಒದರತೈತಿ, ಮುಂದ ಹೋಗವಲ್ದು.’

ಮುಂಗಾರು ಬಿತ್ತನೆ ಶುರುವಾದಾಗ, ಆಮೇಲೆ ಹತ್ತಿ ಬಿಡಿಸುವ ಹೊತ್ತಿನಲ್ಲಿ ನಮ್ಮ ಲಿಂಗಸುಗೂರು ಭಾಗದ ಗ್ಯಾರೇಜುಗಳಲ್ಲಿ ಪದೇ ಪದೇ ಕೇಳುವ ಮಾತಿದು. ಅದಕ್ಕೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಕ್ಲಚ್ ಪ್ಲೇಟ್ ಹೋಗ್ಯಾವ, ಗಾಡಿ ಬಿಟ್ಟು ಹೋಗು.’ ಪ್ಲೇಟ್ ಹೋಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸವೆಯುವ ಸಾಮಾನು ಅದು, ಒಂದಿನ ಸವೆಯಲೇಬೇಕು. ಆದರೆ ಹೊಲದ ಕೆಲಸದ ಜೊತೆಗೆ ಹಲವು ವರ್ಷಗಳಿಂದ ಊರಲ್ಲಿ ಗಾಡಿ ರಿಪೇರಿಯನ್ನೂ ಮಾಡುತ್ತಾ ಬಂದವನಾಗಿ ಒಂದು ಮಾತು ಹೇಳಬಲ್ಲೆ. ಕ್ಲಚ್ ಕೆಟ್ಟಿದೆ ಅಂತ ತಂದ ಬಹಳಷ್ಟು ಗಾಡಿಗಳಲ್ಲಿ ಎಂಜಿನ್ ಬಿಚ್ಚುವ ಕೆಲಸವೇ ಇರುವುದಿಲ್ಲ. ತಪ್ಪು ಇರುವುದು ಕೈಯಲ್ಲಿ ಹಿಡಿಯುವ ಲಿವರ್‌ನಲ್ಲಿ, ಅದರ ಕೇಬಲ್‌ನಲ್ಲಿ, ಇಲ್ಲವೇ ಎಂಜಿನ್ ಆಯಿಲ್‌ನಲ್ಲಿ. ಇವು ಮೂರನ್ನೂ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಕುಂತು ನೀವೇ ನೋಡಬಹುದು.

ಬಿತ್ತನೆಯ ದಿನಗಳಲ್ಲಿ ಗಾಡಿ ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ ಖರ್ಚಿನ ಜೊತೆ ಹದವೂ ತಪ್ಪುತ್ತದೆ. ಬೀಜ, ಗೊಬ್ಬರ, ಆಳಿನ ಬುತ್ತಿ ಎಲ್ಲಕ್ಕೂ ಅದೇ ಗಾಡಿ ಬೇಕಲ್ಲ.

ಕ್ಲಚ್ ಒಳಗೆ ಏನಿದೆ

ನಿಮ್ಮ ಎರಡೂ ಅಂಗೈಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಒಂದು ಕೈ ತಿರುಗಿಸಿದರೆ ಇನ್ನೊಂದೂ ಜೊತೆಗೆ ತಿರುಗುತ್ತದೆ. ಒತ್ತಡ ಸಡಿಲ ಮಾಡಿದರೆ ಒಂದು ಕೈ ಜಾರುತ್ತದೆ, ಉಜ್ಜಿ ಬಿಸಿಯಾಗುತ್ತದೆ. ಪೂರ್ತಿ ಬಿಡಿಸಿದರೆ ಎರಡಕ್ಕೂ ಸಂಬಂಧವೇ ಇಲ್ಲ. ಕ್ಲಚ್ ಅಂದರೆ ಇಷ್ಟೇ. ಅಂಗೈ ಬದಲು ಅಲ್ಲಿ ದುಂಡನೆಯ ಬಿಲ್ಲೆಗಳಿವೆ. ಘರ್ಷಣೆಯ ಪದರ ಅಂಟಿಸಿದ ಪ್ಲೇಟ್ ಒಂದು, ನುಣುಪಾದ ಉಕ್ಕಿನ ಪ್ಲೇಟ್ ಒಂದು, ಹೀಗೆ ಒಂದರ ಮೇಲೊಂದು ಜೋಡಿಸಿ, ಸ್ಪ್ರಿಂಗ್‌ಗಳಿಂದ ಒತ್ತಿ ಹಿಡಿದಿರುತ್ತಾರೆ. ನೀವು ಲಿವರ್ ಎಳೆದಾಗ ಕೇಬಲ್ ಹೋಗಿ ಆ ಸ್ಪ್ರಿಂಗ್ ಒತ್ತಡವನ್ನು ಬಿಡಿಸುತ್ತದೆ.

ಹಾಗಾಗಿ ಕ್ಲಚ್‌ಗೆ ಬರುವ ದೊಡ್ಡ ರೋಗ ಎರಡೇ. ಒತ್ತಿ ಹಿಡಿಯಬೇಕಾದಾಗ ಜಾರುವುದು ಒಂದು, ಬಿಡಬೇಕಾದಾಗ ಪೂರ್ತಿ ಬಿಡದಿರುವುದು ಇನ್ನೊಂದು. ಎರಡಕ್ಕೂ ಔಷಧ ಬೇರೆ. ಜಾರುವ ಕ್ಲಚ್‌ಗೆ ಕೇಬಲ್ ಸಡಿಲ ಮಾಡಬೇಕು, ಬಿಡದ ಕ್ಲಚ್‌ಗೆ ಕೇಬಲ್ ಬಿಗಿ ಮಾಡಬೇಕು. ರೋಗ ಯಾವುದು ಅಂತ ತಿಳಿಯದೆ ನಟ್ ತಿರುಗಿಸಿದರೆ ಇದ್ದ ಪ್ಲೇಟನ್ನೂ ಸುಟ್ಟುಕೊಳ್ಳುತ್ತೀರಿ.

ಮೊದಲು ಕಿವಿ ಕೊಟ್ಟು ಕೇಳಿ

ಗಾಡಿ ಎಳೆಯುತ್ತಿಲ್ಲ ಅಂದ ಕೂಡಲೇ ಕ್ಲಚ್ ಅನ್ನಬೇಡಿ. ಟಾಪ್ ಗೇರಿನಲ್ಲಿ 40ರ ಆಸುಪಾಸು ಹೋಗುವಾಗ ಒಮ್ಮೆ ಆಕ್ಸಿಲರೇಟರ್ ಜೋರಾಗಿ ತಿರುಗಿಸಿ. ಎಂಜಿನ್ ಸದ್ದು ಏರಿತು, ವೇಗ ಮಾತ್ರ ಏರಲಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಸದ್ದೂ ಏರಲಿಲ್ಲ, ವೇಗವೂ ಏರಲಿಲ್ಲ, ಎಂಜಿನ್ ಉಸಿರು ಕಟ್ಟಿದಂತೆ ಗುಂಯ್‌ಗುಡುತ್ತಿದೆ ಅಂದರೆ ಅದು ಕ್ಲಚ್ ಅಲ್ಲ. ಏರ್ ಫಿಲ್ಟರ್ ನೋಡಿ. ತೊಗರಿ, ಸಜ್ಜೆ ರಾಶಿ ಮಾಡುವ ದಿನಗಳಲ್ಲಿ ಕಣದ ಪಕ್ಕವೇ ಗಾಡಿ ನಿಲ್ಲಿಸಿ ಓಡಾಡುತ್ತೇವೆ, ಫಿಲ್ಟರ್ ತುಂಬ ಹೊಟ್ಟು, ಧೂಳು. ಇಲ್ಲವೇ ಹಿಂದಿನ ಬ್ರೇಕ್ ಹಿಡಿದುಕೊಂಡಿರಬಹುದು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ಹಿಂದಿನ ಗಾಲಿ ಕೈಯಿಂದ ತಿರುಗಿಸಿದರೆ ತಿಳಿಯುತ್ತದೆ.

ಎಳೆಯುವಾಗ ‘ಕಟ್ ಕಟ್’ ಅಂತ ಸದ್ದು ಬಂದು ಜಗ್ಗಿದಂತಾದರೆ ಚೈನ್ ನೋಡಿ. ಸವೆದ ಸ್ಪ್ರಾಕೆಟ್ ಹಲ್ಲಿನ ಮೇಲೆ ಸಡಿಲ ಚೈನ್ ಹಾರಿದರೂ ಕ್ಲಚ್ ಜಾರಿದಂತೆಯೇ ಅನ್ನಿಸುತ್ತದೆ.

ನಿಂತಲ್ಲೇ ಮಾಡುವ ಪರೀಕ್ಷೆಯೂ ಇದೆ. ಮುಂದೆ ಮಂದಿ, ದನ ಇಲ್ಲದ ಬಯಲಿನಲ್ಲಿ ಗಾಡಿ ಮೇಲೆ ಕುಂತು, ಎಂಜಿನ್ ಚಾಲೂ ಮಾಡಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಮೂರನೇ ಗೇರ್ ಹಾಕಿ ಕ್ಲಚ್ಚನ್ನು ನಿಧಾನಕ್ಕೆ ಬಿಡಿ. ಎಂಜಿನ್ ಬಂದ್ ಬೀಳಬೇಕು. ಬೀಳದೆ ಓಡುತ್ತಲೇ ಇದ್ದರೆ ಜಾರುತ್ತಿದೆ. ಇದನ್ನು ಒಂದೇ ಸಲ ಮಾಡಿ ಸಾಕು. ಮತ್ತೆ ಮತ್ತೆ ಮಾಡಿದರೆ ಪರೀಕ್ಷೆಯಲ್ಲೇ ಪ್ಲೇಟ್ ಬಿಸಿಯಾಗುತ್ತವೆ.

ಬಿಡದ ಕ್ಲಚ್‌ನ ಲಕ್ಷಣ ಬೇರೆ. ಕ್ಲಚ್ ಪೂರ್ತಿ ಹಿಡಿದು ಒಂದನೇ ಗೇರ್ ಹಾಕಿದರೂ ಗಾಡಿ ಮುಂದಕ್ಕೆ ತೆವಳುತ್ತದೆ. ನಿಂತಾಗ ನ್ಯೂಟ್ರಲ್ ಸಿಗುವುದಿಲ್ಲ, ಗೇರ್ ಬದಲಿಸುವಾಗ ಕರಕರ ಅನ್ನುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಚಾಲೂ ಮಾಡಿ, ಕ್ಲಚ್ ಹಿಡಿದು ಒಂದನೇ ಗೇರ್ ಹಾಕಿ. ಹಿಂದಿನ ಗಾಲಿ ಮೆಲ್ಲಗೆ ತಿರುಗಿದರೆ ಹೆದರಬೇಡಿ, ಪ್ಲೇಟ್‌ಗಳ ನಡುವಿನ ಆಯಿಲ್ ಅಷ್ಟು ಎಳೆದೇ ಎಳೆಯುತ್ತದೆ. ಈಗ ಬ್ರೇಕ್ ಹಗುರಾಗಿ ಒತ್ತಿ. ಗಾಲಿ ನಿಂತು ಎಂಜಿನ್ ಆರಾಮಾಗಿ ಓಡುತ್ತಿದ್ದರೆ ಕ್ಲಚ್ ಬಿಡುತ್ತಿದೆ. ಎಂಜಿನ್ ಕುಗ್ಗಿ ಬಂದ್ ಬಿದ್ದರೆ ಬಿಡುತ್ತಿಲ್ಲ. ಲುಂಗಿ, ಹೆಗಲ ಮೇಲಿನ ಟವೆಲ್ ಗಾಲಿಯ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ನ್ಯೂಟ್ರಲ್‌ನಿಂದ ಒಂದನೇ ಗೇರಿಗೆ ಹಾಕುವಾಗ ‘ಟಕ್’ ಅನ್ನುವ ಸದ್ದು, ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಮೊದಲ ಸಲ ಗೇರ್ ಹಾಕಿದಾಗ ಚೂರು ಜಿಗಿಯುವುದು, ಇವು ರೋಗವಲ್ಲ. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುಂಚೆ ಗೇರಿನಲ್ಲಿಟ್ಟು, ಕ್ಲಚ್ ಹಿಡಿದು ಗಾಡಿಯನ್ನು ಎರಡು ಸಲ ಹಿಂದೆ ಮುಂದೆ ನೂಕಿದರೆ ಅಂಟಿಕೊಂಡ ಪ್ಲೇಟ್ ಬಿಡುತ್ತವೆ.

ಒಂದೆರಡು ಸೆಂಟಿಮೀಟರ್ ಸಡಿಲಿನ ಲೆಕ್ಕ

ಹೋದ ಹಂಗಾಮಿನಲ್ಲಿ ಮುದಗಲ್ ಕಡೆಯ ಹುಡುಗ ಒಬ್ಬ ಬಂದಿದ್ದ. ಎರಡು ಕಡೆ ತೋರಿಸಿದ್ದಾನೆ, ಎರಡೂ ಕಡೆ ಪ್ಲೇಟ್ ಅಂದಿದ್ದಾರೆ. ನಾನು ಲಿವರ್ ಮುಟ್ಟಿದೆ. ತಂತಿ ಬಿಗಿದ ಏಕತಾರಿಯಂತೆ ನಿಂತಿತ್ತು, ಒಂದು ಕೂದಲೆಳೆಯಷ್ಟೂ ಸಡಿಲಿಲ್ಲ. ‘ಯಾವಾಗಿಂದ ಹಿಂಗ ಐತಿ ತಮ್ಮಾ?’ ಅಂದೆ. ‘ಲೂಸ್ ಆಗಿತ್ತಣ್ಣ, ನಾನೇ ಬಿಗಿ ಮಾಡೀನಿ’ ಅಂದ. ಎರಡು ನಟ್ ಸಡಿಲ ಮಾಡಿ ಕೊಟ್ಟೆ. ಮಸ್ಕಿ ರಸ್ತೆಗೆ ಒಂದು ಸುತ್ತು ಹೋಗಿ ಬಂದವನು ‘ಆರಾಮ ಹೋಗತೈತಿ’ ಅಂದ. ಆ ಪ್ಲೇಟ್‌ಗಳು ಇನ್ನೂ ಹಾಗೇ ಓಡುತ್ತಿವೆ.

ಯಾಕೆ ಹೀಗಾಗುತ್ತದೆ ಅಂದರೆ, ಲಿವರ್ ಬಿಟ್ಟಾಗ ಕೇಬಲ್‌ನಲ್ಲಿ ಸ್ವಲ್ಪ ಸಡಿಲು ಇರಲೇಬೇಕು. ಮೆಕ್ಯಾನಿಕ್‌ಗಳು ಇದನ್ನು ‘ಪ್ಲೇ’ ಅಂತಾರೆ. ಅದಿಲ್ಲದಿದ್ದರೆ ನೀವು ಕ್ಲಚ್ ಮುಟ್ಟದೆ ಇದ್ದರೂ ಕೇಬಲ್ ಅದನ್ನು ಅರ್ಧ ಹಿಡಿದೇ ಇಟ್ಟಿರುತ್ತದೆ, ಅಂದರೆ ದಿನವಿಡೀ ಹಾಫ್ ಕ್ಲಚ್. ಹೀರೋ, ಹೋಂಡಾ ಕಂಪನಿಯ 100–125 ಸಿಸಿ ಗಾಡಿಗಳಿಗೆ ಲಿವರ್‌ನ ತುದಿಯಲ್ಲಿ ಅಳೆದರೆ 10ರಿಂದ 20 ಮಿ.ಮೀ. ಸಡಿಲು ಇರಬೇಕು. ಕೆಲವು ಕಂಪನಿಗಳು ಲಿವರ್‌ನ ಬುಡದಲ್ಲಿ ಅಳೆಯಲು ಹೇಳುತ್ತವೆ, ಅಲ್ಲಿ ಅಂತರ ಎರಡು ಮೂರು ಮಿ.ಮೀ. ಮಾತ್ರ. ನಿಮ್ಮ ಗಾಡಿಯ ಪುಸ್ತಕ ಮನೆಯಲ್ಲಿ ಎಲ್ಲೋ ಬಿದ್ದಿರುತ್ತದೆ, ಹುಡುಕಿ. ಸಿಗದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ, ಮೊಬೈಲಿನಲ್ಲೇ ಇಟ್ಟುಕೊಳ್ಳಿ.

ಸಡಿಲು ಹೊಂದಿಸಲು ಎರಡು ಜಾಗ. ಹ್ಯಾಂಡಲ್ ಹತ್ತಿರ ಕೈಯಿಂದಲೇ ತಿರುಗುವ ಸಣ್ಣ ಅಡ್ಜಸ್ಟರ್ ಒಂದು, ಎಂಜಿನ್ ಹತ್ತಿರ ಪಾನಾ ಹಾಕಿ ತಿರುಗಿಸುವ ಜೋಡಿ ನಟ್ ಇನ್ನೊಂದು. ಚೂರು ಪಾರು ವ್ಯತ್ಯಾಸಕ್ಕೆ ಮೇಲಿನದು ಸಾಕು. ಮೇಲಿನದರ ಮರೆ ಬಹಳ ಹೊರಗೆ ಬಂದಿದ್ದರೆ ಅದನ್ನು ಪೂರ್ತಿ ಒಳಗೆ ಹಾಕಿ, ಕೆಳಗಿನ ನಟ್‌ನಲ್ಲಿ ಹೊಂದಿಸಿ. ಆಮೇಲೆ ಲಾಕ್ ನಟ್ ಬಿಗಿ ಮಾಡಿ. ಕೊನೆಗೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಎರಡೂ ಕಡೆ ಸಡಿಲು ಅಷ್ಟೇ ಇದೆಯಾ ನೋಡಿ. ಒಂದು ಕಡೆ ತಿರುಗಿಸಿದಾಗ ಬಿಗಿಯಾದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಗಮನದಲ್ಲಿಟ್ಟರೆ ಕ್ಲಚ್‌ನ ಆಯುಷ್ಯ ಕೈಯಲ್ಲೇ ತಿಳಿಯುತ್ತದೆ. ಕೇಬಲ್ ಹಿಗ್ಗಿದರೆ ಸಡಿಲು ಹೆಚ್ಚುತ್ತಾ ಹೋಗುತ್ತದೆ. ಪ್ಲೇಟ್ ಸವೆದರೆ ಸಡಿಲು ಕಡಿಮೆಯಾಗುತ್ತಾ ಬರುತ್ತದೆ. ನೀವು ಮುಟ್ಟದೆಯೇ ಲಿವರ್ ತಿಂಗಳಿಂದ ತಿಂಗಳಿಗೆ ಬಿಗಿಯಾಗುತ್ತಿದ್ದರೆ ಪ್ಲೇಟ್ ಮುಗಿಯುತ್ತಾ ಬಂದಿದೆ ಅಂತ ಅರ್ಥ.

ಕೇಬಲ್

ಕ್ಲಚ್ ಗಟ್ಟಿಯಾಗಿದೆ, ಬೆರಳು ನೋಯುತ್ತದೆ, ಬಿಟ್ಟರೆ ಲಿವರ್ ತಡವಾಗಿ ವಾಪಸ್ ಬರುತ್ತದೆ ಅನ್ನುವವರ ಗಾಡಿಯಲ್ಲಿ ಕೇಬಲ್ ಒಳಗೆ ಧೂಳು, ತುಕ್ಕು ಸೇರಿರುತ್ತದೆ. ಅಡ್ಜಸ್ಟರ್ ಸಡಿಲ ಮಾಡಿ, ಅಡ್ಜಸ್ಟರ್ ಮತ್ತು ಲಿವರ್‌ನಲ್ಲಿರುವ ಸೀಳುಗಳನ್ನು ಒಂದೇ ಗೆರೆಗೆ ತಂದರೆ ಕೇಬಲ್‌ನ ಮೇಲಿನ ತುದಿ ಹೊರಬರುತ್ತದೆ. ದನಕ್ಕೆ ಸೂಜಿ ಹಾಕಿದ ಖಾಲಿ ಸಿರಿಂಜ್ ಮನೆಯಲ್ಲಿದ್ದರೆ, ಸೂಜಿ ತೆಗೆದು, ಅದರಿಂದ ಹೊಲಿಗೆ ಮಷೀನಿನ ಎಣ್ಣೆಯನ್ನೋ ಎಂಜಿನ್ ಆಯಿಲನ್ನೋ ಹನಿಹನಿಯಾಗಿ ಕೇಬಲ್‌ನ ಒಳಗೆ ಬಿಡಿ. ಸಿರಿಂಜ್ ಇಲ್ಲದಿದ್ದರೆ ಕೇಬಲ್ ತುದಿಗೆ ಪ್ಲಾಸ್ಟಿಕ್ ಹಾಳೆಯನ್ನು ಆಲಿಕೆಯಂತೆ ಕಟ್ಟಿ, ಅದರಲ್ಲಿ ಎಣ್ಣೆ ಹಾಕಿ, ಒಳಗಿನ ತಂತಿಯನ್ನು ಮೇಲೆ ಕೆಳಗೆ ಆಡಿಸುತ್ತಾ ಇರಿ. ಕೆಳತುದಿಯಿಂದ ಎಣ್ಣೆ ಹನಿಯುವವರೆಗೆ. ಮೊದಲು ಕರಿ ಕೊಳೆ ಬರುತ್ತದೆ. ಗ್ರೀಸ್ ತುರುಕಬೇಡಿ, ನಮ್ಮ ಧೂಳಿಗೆ ಅದು ಗಟ್ಟಿಯಾಗಿ ಕೂರುತ್ತದೆ. ಒಳಗೆ ಪ್ಲಾಸ್ಟಿಕ್ ಪದರ ಇರುವ ಕೆಲವು ಹೊಸ ಕೇಬಲ್‌ಗಳಿಗೆ ಎಣ್ಣೆ ಬೇಡ ಅಂತ ಕವರ್ ಮೇಲೇ ಬರೆದಿರುತ್ತದೆ, ಅದನ್ನು ನೋಡಿ.

ತುದಿಯಲ್ಲಿ ಒಂದೆರಡು ಎಳೆ ಹರಿದು ಮುಳ್ಳಿನಂತೆ ಎದ್ದಿದ್ದರೆ ಎಣ್ಣೆ ಹಾಕಿ ಪ್ರಯೋಜನವಿಲ್ಲ. ಅವತ್ತೇ ಬದಲಿಸಿ. ಪ್ಲೇಟ್ ಸೆಟ್ಟಿನ ಮುಂದೆ ಕೇಬಲ್‌ನ ಬೆಲೆ ಏನೂ ಅಲ್ಲ.

ಆಯಿಲ್ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವುದು

ನಾವು ಓಡಿಸುವ ಹೆಚ್ಚಿನ ಬೈಕುಗಳ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುತ್ತದೆ. ಎಂಜಿನ್‌ಗೆ, ಗೇರ್ ಬಾಕ್ಸಿಗೆ, ಕ್ಲಚ್‌ಗೆ ಒಂದೇ ಆಯಿಲ್. ಕಾರಿನಲ್ಲಿ ಹಾಗಿಲ್ಲ, ಅಲ್ಲಿ ಸಾಮಾನ್ಯವಾಗಿ ಕ್ಲಚ್ ಒಣಗಿ, ಬೇರೆ ಜಾಗದಲ್ಲಿರುತ್ತದೆ. ಅದಕ್ಕೇ ಪೆಟ್ರೋಲ್ ಉಳಿಸಲೆಂದು ಕಾರಿನ ಹಲವು ಆಯಿಲ್‌ಗಳಿಗೆ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ. ಅದೇ ಆಯಿಲ್ ಬೈಕಿಗೆ ಹಾಕಿದರೆ ಎಂಜಿನ್ ಜೊತೆಗೆ ಕ್ಲಚ್ ಪ್ಲೇಟ್‌ಗೂ ನುಣುಪು ಬರುತ್ತದೆ, ಜಾರುತ್ತದೆ.

ಇದಕ್ಕಾಗಿಯೇ ಜಪಾನಿನವರು 1998ರಲ್ಲಿ ‘ಜಾಸೋ’ ಅನ್ನುವ ಗುರುತು ತಂದರು. ಡಬ್ಬಿಯ ಹಿಂದೆ ಸಣ್ಣ ಪೆಟ್ಟಿಗೆಯಲ್ಲಿ ‘ಎಂಎ’, ‘ಎಂಎ1’ ಅಥವಾ ‘ಎಂಎ2’ ಅಂತ ಇದ್ದರೆ ಗೇರ್ ಬೈಕಿನ ಕ್ಲಚ್‌ಗೆ ಸರಿ. ‘ಎಂಬಿ’ ಅಂತಿದ್ದರೆ ಅದು ಗೇರಿಲ್ಲದ ಸ್ಕೂಟರ್‌ಗೆ, ಬೈಕಿಗೆ ಬೇಡ. ಕೊಳ್ಳುವ ಮುಂಚೆ ಡಬ್ಬಿ ತಿರುಗಿಸಿ ನೋಡಿ, ದಪ್ಪ ತೆಳುವಿನ ನಂಬರ್ ನಿಮ್ಮ ಗಾಡಿಯ ಪುಸ್ತಕದ್ದೇ ಇರಲಿ.

ನಮ್ಮಲ್ಲಿ ಕಾರಿನ ಆಯಿಲ್‌ಗಿಂತ ಹೆಚ್ಚು ನಡೆಯುವುದು ಟ್ರ್ಯಾಕ್ಟರ್ ಆಯಿಲ್. ಮನೆಯಲ್ಲಿ ದೊಡ್ಡ ಡಬ್ಬಿ ಇದ್ದೇ ಇರುತ್ತದೆ, ‘ಅದೂ ಆಯಿಲ್, ಇದೂ ಆಯಿಲ್, ಸುರುವು’ ಅಂತಾರೆ ಹಿರಿಯರು. ಟ್ರ್ಯಾಕ್ಟರ್‌ನ ಡೀಸೆಲ್ ಎಂಜಿನ್‌ಗೆಂದು ಮಾಡಿದ ಆಯಿಲ್ ಬೈಕಿನ ಕ್ಲಚ್ ಮೇಲೆ ಪರೀಕ್ಷೆಯಾದದ್ದಲ್ಲ. ಡಬ್ಬಿ ಮೇಲೆ ಎಂಎ ಗುರುತಿಲ್ಲದಿದ್ದರೆ ಹಾಕಬೇಡಿ. ಆಯಿಲ್ ಬದಲಿಸಿದ ನಾಲ್ಕೈದು ದಿನದಲ್ಲೇ ಕ್ಲಚ್ ಜಾರಲು ಶುರುವಾಗಿದ್ದರೆ ಅನುಮಾನ ಮೊದಲು ಆಯಿಲ್ ಮೇಲೆಯೇ ಇರಲಿ. ಸರಿಯಾದ ಆಯಿಲ್ ಹಾಕಿ ಸ್ವಲ್ಪ ದಿನ ಓಡಿಸಿದ ಮೇಲೆ ಪ್ಲೇಟ್ ವಿಷಯ ತೀರ್ಮಾನಿಸಿ, ಬಹಳ ಸಲ ಅಷ್ಟಕ್ಕೇ ಸರಿಯಾಗುತ್ತದೆ. ಸುಟ್ಟ ಪ್ಲೇಟ್ ಮಾತ್ರ ಯಾವ ಆಯಿಲ್‌ಗೂ ಬದುಕುವುದಿಲ್ಲ.

ಆಯಿಲ್ ಅಳತೆ ನೋಡುವಾಗ ಸಪಾಟು ನೆಲದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ. ಎಂಜಿನ್ ಬಂದ್ ಮಾಡಿ ಎರಡು ಮೂರು ನಿಮಿಷ ಬಿಡಿ. ಕಡ್ಡಿ ಒರೆಸಿ, ಹೀರೋ, ಹೋಂಡಾ ಗಾಡಿಗಳಲ್ಲಿ ಮರೆ ತಿರುಗಿಸದೆ ಬರೇ ಇಳಿಸಿ ತೆಗೆದು ನೋಡಬೇಕು. ಕಡ್ಡಿಯ ಬದಲು ಗಾಜಿನ ಕಿಟಕಿ ಇರುವ ಗಾಡಿಗಳಲ್ಲಿ ಎರಡು ಗೆರೆಯ ನಡುವೆ ಕಾಣಬೇಕು. ಬದಲಿಸುವ ಲೆಕ್ಕಕ್ಕೆ ಕಿಲೋಮೀಟರ್ ಒಂದನ್ನೇ ನಂಬಬೇಡಿ. ಹೊಲಕ್ಕೆ ಹೋಗುವ ಗಾಡಿ ಒಂದನೇ, ಎರಡನೇ ಗೇರಿನಲ್ಲೇ ಭಾರ ಹೊತ್ತು ದುಡಿಯುತ್ತದೆ, ಮೀಟರ್ ಮಾತ್ರ ಅಷ್ಟು ಓಡಿರುವುದಿಲ್ಲ. ಹೊಲದ ಗಾಡಿಗೆ ಪುಸ್ತಕ ಹೇಳಿದ್ದಕ್ಕಿಂತ ಮುಂಚೆಯೇ ಬದಲಿಸುವುದು ನನ್ನ ಪದ್ಧತಿ. ತೆಗೆದ ಹಳೆ ಆಯಿಲನ್ನು ಕಾಲುವೆಗೆ, ಬದುವಿಗೆ ಸುರಿಯಬೇಡಿ, ಗ್ಯಾರೇಜಿನವರಿಗೆ ಕೊಡಿ.

ಎರೆ ಹೊಲದ ರಾಡಿ

ಪ್ಲೇಟ್ ನಿಜವಾಗಿ ಸುಡುವುದು ಇಲ್ಲಿ. ನಾರಾಯಣಪುರ ಬಲದಂಡೆ ಕಾಲುವೆ ಕೆಳಗಿನ ಹೊಲಗಳಿಗೋ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆಯ ಭತ್ತದ ಗದ್ದೆಗಳಿಗೋ ಮಳೆ ಬಂದ ಮರುದಿನ ಹೋಗಿ ನೋಡಿ. ಎರೆಮಣ್ಣು ಟೈರಿಗೆ ಹತ್ತಿ, ಮಡ್‌ಗಾರ್ಡ್ ಒಳಗೆ ಮೆತ್ತಿ ಗಾಲಿಯೇ ತಿರುಗುವುದಿಲ್ಲ. ಆಗ ಹುಡುಗರು ಗಾಡಿ ಮೇಲಿಂದ ಇಳಿಯದೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಾಫ್ ಕ್ಲಚ್‌ನಲ್ಲಿ ಎಳೆಸುತ್ತಾರೆ. ಗಾಲಿ ನಿಂತಿದೆ, ಎಂಜಿನ್ ಓಡುತ್ತಿದೆ, ನಡುವೆ ಸುಡುವುದು ಪ್ಲೇಟ್ ಮಾತ್ರ. ಸುಟ್ಟ ವಾಸನೆ ಮೂಗಿಗೆ ಬಂದಾಗ ಹಾನಿ ಆಗಿಹೋಗಿರುತ್ತದೆ. ಗಾಡಿಯಲ್ಲಿ ಒಂದು ಬಡಿಗೆ ಇಟ್ಟುಕೊಳ್ಳಿ. ಇಳಿದು ಮಣ್ಣು ಕೆರೆದು, ನೂಕಿಕೊಂಡು ದಾರಿಗೆ ಬನ್ನಿ.

ಭಾರದ ಲೆಕ್ಕವೂ ಇದೇ. 100 ಸಿಸಿ ಗಾಡಿಗೆ ಸವಾರನೂ ಸೇರಿ ಕಂಪನಿ ಹೇಳುವುದು ಸುಮಾರು 130 ಕೆ.ಜಿ. ಯೂರಿಯಾ ಚೀಲ ಈಗ 45 ಕೆ.ಜಿ., ಎರಡು ಚೀಲಕ್ಕೆ 90, ಮೇಲೆ ನೀವು 60. ಅಲ್ಲಿಗೇ ದಾಟಿತು. ಡಿಎಪಿ ಆದರೆ ಚೀಲಕ್ಕೆ 50. ಒಂದೊಂದೇ ಚೀಲ ಎರಡು ಸಲ ತನ್ನಿ ಅಂದರೆ ಯಾರೂ ಕೇಳುವುದಿಲ್ಲ, ನನಗೂ ಗೊತ್ತು. ಕನಿಷ್ಠ ಬದು ಏರುವಾಗ ಒಂದನೇ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು ಏರಿಸಿ. ಸಪಾಟು ರಸ್ತೆಯಲ್ಲಿ ಎರಡು ಬೆರಳು ಲಿವರ್ ಮೇಲೆ ಇಟ್ಟುಕೊಂಡೇ ಓಡಿಸುವ ಚಟ ಇದ್ದರೆ ಬಿಡಿ.

ಬಿಚ್ಚಲೇಬೇಕಾದಾಗ

ಸಡಿಲು ಸರಿ ಇದೆ, ಕೇಬಲ್ ಸರಿ ಇದೆ, ಆಯಿಲ್ ಸರಿ ಇದೆ, ಆದರೂ ಜಾರುತ್ತಿದೆ ಅಂದರೆ ಪ್ಲೇಟ್ ಇಲ್ಲವೇ ಸ್ಪ್ರಿಂಗ್. ಹೆಚ್ಚಿನ 100–125 ಸಿಸಿ ಗಾಡಿಗಳಲ್ಲಿ ಕ್ಲಚ್ ಇರುವುದು ಎಂಜಿನ್‌ನ ಬಲಗಡೆ, ಕಿಕ್ಕರ್ ಇರುವ ಕವರ್ ಒಳಗೆ. ಆಯಿಲ್ ಇಳಿಸಿ, ಕಿಕ್ಕರ್ ತೆಗೆದು ಕವರ್ ಬಿಚ್ಚಬೇಕು. ಕವರ್ ಬೋಲ್ಟ್‌ಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಕವರ್ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಅದೇ ಜಾಗಕ್ಕೆ ಚುಚ್ಚಿಡಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕವರ್ ಬಿಡದಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ಹೊಡೆಯಬೇಡಿ, ಅಲ್ಯೂಮಿನಿಯಂ ಮುಖ ಗಾಯವಾದರೆ ಜೀವನಪೂರ್ತಿ ಆಯಿಲ್ ಸೋರುತ್ತದೆ. ಹೊಸ ಪ್ಯಾಕಿಂಗ್ ಮೊದಲೇ ತಂದಿಟ್ಟುಕೊಳ್ಳಿ.

ಕವರ್ ತೆಗೆದ ಮೇಲೆ ಎರಡು ತರಹ. ಸ್ಪ್ರಿಂಗ್‌ನ ಬೋಲ್ಟ್ ಬಿಚ್ಚಿದರೆ ಪ್ಲೇಟ್ ಹೊರಗೆ ಬರುವ ಗಾಡಿ ಇದ್ದರೆ ನೀವೇ ಮಾಡಬಹುದು. ಎದುರುಬದುರು ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಆದರೆ ಕೆಲವು ಗಾಡಿಗಳಲ್ಲಿ ನಡುವಿನ ದೊಡ್ಡ ನಟ್ ಬಿಚ್ಚದೆ ಪ್ಲೇಟ್ ಬರುವುದಿಲ್ಲ, ಅದಕ್ಕೆ ಬೇರೆಯೇ ಪಾನಾ ಬೇಕು. ಉಳಿ, ಸುತ್ತಿಗೆ ಹಿಡಿದು ಆ ನಟ್ ಹೊಡೆಯಲು ಹೋಗಬೇಡಿ. ಅಲ್ಲಿಂದ ಮುಂದೆ ಗ್ಯಾರೇಜಿನ ಕೆಲಸ. ಹೋಗಿ, ಆದರೆ ಎದುರಿಗೆ ನಿಂತು ಮಾಡಿಸಿ, ಹಳೆ ಪ್ಲೇಟ್ ಕೈಗೆ ತೆಗೆದುಕೊಂಡು ನೋಡಿ. ಸುಟ್ಟ ವಾಸನೆ, ಕರಿ ಬಣ್ಣ, ಹೊಸದಕ್ಕಿಂತ ತೆಳು, ಉಕ್ಕಿನ ಪ್ಲೇಟ್ ನೀಲಿಗಟ್ಟಿರುವುದು, ಇವೆಲ್ಲ ಸುಟ್ಟ ಕ್ಲಚ್‌ನ ಗುರುತು. ಉಕ್ಕಿನ ಪ್ಲೇಟನ್ನು ಗಾಜಿನ ಮೇಲಿಟ್ಟು ಒತ್ತಿದರೆ ಕುಣಿಯಬಾರದು, ಕುಣಿದರೆ ಬಾಗಿದೆ. ಪ್ಲೇಟ್ ಹಾಕಿಸುವಾಗ ಸ್ಪ್ರಿಂಗ್‌ಗಳನ್ನೂ ಸೆಟ್ ಸಮೇತ ಬದಲಿಸಿ. ಹೊಸ ಪ್ಲೇಟನ್ನು ಹಿಂದಿನ ರಾತ್ರಿಯೇ ಎಂಜಿನ್ ಆಯಿಲ್‌ನಲ್ಲಿ ನೆನೆಹಾಕಬೇಕು. ಒಣ ಪ್ಲೇಟ್ ಹಾಕಿದರೆ ಮೊದಲ ಎಳೆತಕ್ಕೇ ಅದರ ಮುಖ ಸುಡುತ್ತದೆ.

ದಾರಿಯಲ್ಲಿ ಕೇಬಲ್ ಹರಿದರೆ

ಜಲದುರ್ಗದ ದಾರಿಯಲ್ಲೋ, ಸಂಜೆ ಹೊತ್ತು ಕಾಲುವೆ ಮೇಲೋ ಕೇಬಲ್ ಹರಿದರೆ ಊರು ಮುಟ್ಟಲು ಒಂದು ದಾರಿಯಿದೆ. ಹಿಂದೆ ಯಾರನ್ನೂ ಕೂರಿಸಬೇಡಿ, ಭಾರ ಇಳಿಸಿ. ಎಂಜಿನ್ ನ್ಯೂಟ್ರಲ್‌ನಲ್ಲಿ ಓಡಲಿ, ಗಾಡಿಯ ಮೇಲೆ ಕುಂತು ಕಾಲಿನಿಂದ ನೂಕಿಕೊಂಡು ನಡಿಗೆಯ ವೇಗಕ್ಕೆ ತನ್ನಿ, ಆಗ ಒಂದನೇ ಗೇರ್ ಒತ್ತಿ. ಚೂರು ಜಗ್ಗುತ್ತದೆ. ಮೇಲಿನ ಗೇರಿಗೆ ಆಕ್ಸಿಲರೇಟರ್ ಪೂರ್ತಿ ಇಳಿಸಿದ ಕ್ಷಣದಲ್ಲೇ ಹಗುರಾಗಿ ಒತ್ತಿದರೆ ಬೀಳುತ್ತದೆ. ನಿಲ್ಲುವ ಮುಂಚೆಯೇ ನ್ಯೂಟ್ರಲ್ ಮಾಡಿಕೊಳ್ಳಿ, ಸಿಗದಿದ್ದರೆ ಕೀಲಿ ತಿರುಗಿಸಿ ಬಂದ್ ಮಾಡಿ. ಇದು ಖಾಲಿ ರಸ್ತೆಯಲ್ಲಿ ಮಾತ್ರ. ಸಂತೆಯ ದಿನ ಲಿಂಗಸುಗೂರು ಬಸ್ ನಿಲ್ದಾಣದ ಮುಂದೆ ಇಂಥ ಸಾಹಸ ಬೇಡ, ನೂಕಿಕೊಂಡೇ ಹೋಗಿ. ಅದಕ್ಕಿಂತ ಸುಲಭ, ಒಂದು ಹೊಸ ಕೇಬಲ್ ಸೀಟಿನ ಕೆಳಗೆ ಸುತ್ತಿಟ್ಟಿರುವುದು.

ಟಿವಿಎಸ್ ಎಕ್ಸೆಲ್ ಓಡಿಸುವವರಿಗೆ ಮೇಲಿನ ಲಿವರ್, ಕೇಬಲ್ ಮಾತು ಯಾವುದೂ ಹತ್ತುವುದಿಲ್ಲ. ಅದರ ಕ್ಲಚ್‌ಗೆ ಲಿವರ್ ಇಲ್ಲ, ಎಂಜಿನ್ ವೇಗ ಏರಿದಂತೆ ಒಳಗಿನ ಶೂಗಳು ತಾವಾಗಿಯೇ ಹೊರಕ್ಕೆ ತೆರೆದು ಡ್ರಮ್ ಹಿಡಿಯುತ್ತವೆ. ನಿಂತಲ್ಲೇ ಗಾಡಿ ತೆವಳುತ್ತಿದ್ದರೆ ಐಡಲ್ ವೇಗ ಹೆಚ್ಚಿದೆಯಾ ಅಂತ ಮೊದಲು ನೋಡಿ. ಸದ್ದು ಏರಿದರೂ ತಡವಾಗಿ ಎಳೆಯುತ್ತಿದ್ದರೆ ಶೂ ಸವೆದಿರುತ್ತವೆ, ಅದು ಗ್ಯಾರೇಜಿನಲ್ಲೇ ಆಗುವ ಕೆಲಸ.